ಇಂಗ್ಲೆಂಡಿನ ಹಳ್ಳಿ ಹಬ್ಬಗಳು: ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಡಬಹುದು

ಇಂಗ್ಲೆಂಡಿಗೆ ಕೆಲಸಕ್ಕೋ ಓದಿಗೋ ಬಂದ ನಮ್ಮವರು ಮೊದಲ ವರ್ಷ ಲಂಡನ್, ಬಾತ್, ಆಕ್ಸ್‌ಫರ್ಡ್ ನೋಡಿ ಮುಗಿಸುತ್ತಾರೆ. ಎರಡನೇ ವರ್ಷ ಕೇಳುತ್ತಾರೆ: ಇಲ್ಲಿನ ಹಳ್ಳಿಗಳಲ್ಲಿ ಹಬ್ಬ, ಜಾತ್ರೆ ಅಂತ ಏನೂ ನಡೆಯುವುದಿಲ್ವಾ? ನಡೆಯುತ್ತವೆ, ಬೇಕಾದಷ್ಟು. ಜನವರಿಯ ಚಳಿಯಲ್ಲಿ ಸೇಬಿನ ಮರದ ಮುಂದೆ ನಿಂತು ಹಾಡುವುದರಿಂದ ಹಿಡಿದು, ಡಿಸೆಂಬರ್ 31ರ ರಾತ್ರಿ ಉರಿಯುವ ಪೀಪಾಯಿಯನ್ನು ತಲೆ ಮೇಲೆ ಹೊರುವ ತನಕ ವರ್ಷವಿಡೀ ಏನಾದರೊಂದು ಇರುತ್ತದೆ. ಕಷ್ಟ ಇರುವುದು ಆರಿಸುವುದರಲ್ಲಿ. ಮೇ ತಿಂಗಳಲ್ಲಿ ಒಂದರ ಮೇಲೊಂದು ಬಂದು ಬೀಳುತ್ತವೆ. ನವೆಂಬರ್ 5ರ ಒಂದೇ ರಾತ್ರಿ ಡೆವನ್‌ನಲ್ಲೊಂದು, ಸಸೆಕ್ಸ್‌ನಲ್ಲೊಂದು ದೊಡ್ಡ ಬೆಂಕಿ ಹಬ್ಬ.

ಆರಿಸುವಾಗ ನಾನು ಮೊದಲು ನೋಡುವುದು ಒಂದೇ. ಹೊರಗಿನವರು ಯಾರೂ ಹೋಗದಿದ್ದರೂ ಆ ಹಬ್ಬ ಹಾಗೇ ನಡೆಯುತ್ತದಾ? ನಡೆಯುತ್ತದೆ ಅಂದರೆ ಅದು ಊರಿನವರ ಹಬ್ಬ. ಟಿಕೆಟ್ ಇರುವುದಿಲ್ಲ. ಕುರ್ಚಿ ಇರುವುದಿಲ್ಲ. ಏನು ನಡೀತಿದೆ ಅಂತ ಮೈಕಿನಲ್ಲಿ ಹೇಳುವವರೂ ಇರುವುದಿಲ್ಲ. ಆದರೆ ಅಲ್ಲಿ ಕಾಣುವುದನ್ನು ಬೇರೆಲ್ಲೂ ಕಾಣಲಾಗದು. ಜನ ಬರದಿದ್ದರೆ ನಡೆಯುವುದೇ ಇಲ್ಲ ಅಂತಾದರೆ ಅದು ಷೋ. ಅಲ್ಲಿ ಪಾರ್ಕಿಂಗ್, ಶೌಚಾಲಯ, ನೆರಳು, ಊಟ ಎಲ್ಲಾ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಷೋ ಅಂದರೆ ಕಡಿಮೆ ಅಂತಲ್ಲ. ವಿಸಿಟರ್ ವೀಸಾದಲ್ಲಿ ಬಂದಿರುವ, ಮಂಡಿ ನೋವಿರುವ ಅಮ್ಮನ ಜೊತೆ ಹೊರಟಿದ್ದರೆ ಎಷ್ಟೋ ಸಲ ಅದೇ ವಾಸಿ.

ಮೊದಲು ತಾರೀಕು

ತಾರೀಕಿನ ಲೆಕ್ಕ ಗೊತ್ತಿಲ್ಲದೆ ರಜೆ ಹಾಕಿ, ಹೋಟೆಲ್ ಬುಕ್ ಮಾಡಿ, ಊರಿಗೆ ಹೋದ ಮೇಲೆ "ನಿನ್ನೆಯೇ ಮುಗಿಯಿತಲ್ಲ" ಅಂತ ಕೇಳಿಸಿಕೊಂಡವರಿದ್ದಾರೆ.

ಕೆಲವು ಹಬ್ಬಗಳಿಗೆ ಕ್ಯಾಲೆಂಡರಿನ ದಿನವೇ ಗಟ್ಟಿ. ಪ್ಯಾಡ್‌ಸ್ಟೋ ಊರಿನ ಕುದುರೆ ಕುಣಿತ ಮೇ 1, ಹೆಲ್‌ಸ್ಟನ್ ಊರಿನ ಬೀದಿ ಕುಣಿತ ಮೇ 8, ಲೂಯಿಸ್ ಮತ್ತು ಆಟರಿ ಊರುಗಳ ಬೆಂಕಿ ಹಬ್ಬ ನವೆಂಬರ್ 5. ಆದರೆ ಭಾನುವಾರ ಬಿದ್ದರೆ ದಿನ ಬದಲಾಗುತ್ತದೆ, ಅದೂ ಎಲ್ಲಾ ಕಡೆ ಒಂದೇ ರೀತಿ ಅಲ್ಲ. ಪ್ಯಾಡ್‌ಸ್ಟೋ ಮರುದಿನಕ್ಕೆ ಹೋಗುತ್ತದೆ. ಲೂಯಿಸ್, ಆಟರಿ ಹಿಂದಿನ ಶನಿವಾರಕ್ಕೆ ಬರುತ್ತವೆ. ಹೆಲ್‌ಸ್ಟನ್ನಿನವರು ಭಾನುವಾರ, ಸೋಮವಾರ ಎರಡನ್ನೂ ಒಪ್ಪುವುದಿಲ್ಲ, ಹಿಂದಿನ ಶನಿವಾರವೇ ಆಗಬೇಕು.

ಇನ್ನು ಕೆಲವು ಈಸ್ಟರ್ ಹಿಂದೆ ಓಡುತ್ತವೆ. ಈಸ್ಟರ್‌ಗೆ 47 ದಿನ ಮೊದಲು ಶ್ರೋವ್ ಮಂಗಳವಾರ, ಆಶ್‌ಬೋರ್ನ್‌ನ ಚೆಂಡಾಟ ಆವತ್ತು. ಈಸ್ಟರ್ ಆಗಿ 39 ದಿನಕ್ಕೆ ಅಸೆನ್ಷನ್ ಗುರುವಾರ, ಟಿಸಿಂಗ್ಟನ್‌ನ ಬಾವಿ ಅಲಂಕಾರ ಆವತ್ತು. ಈಸ್ಟರ್ ಹಿಂದೆ ಮುಂದೆ ಆದ ಹಾಗೆ ಇವೂ ಒಂದು ತಿಂಗಳಷ್ಟು ಜರುಗುತ್ತವೆ. ಮೂರನೆಯದು ಬ್ಯಾಂಕ್ ಹಾಲಿಡೇ, ಅಂದರೆ ಸಾರ್ವಜನಿಕ ರಜೆಯ ಸೋಮವಾರಗಳು. ಇವು ನೌಕರಿಯವರಿಗೆ ಅನುಕೂಲ, ಆದರೆ ರೈಲ್ವೆಯವರು ಹಳಿ ರಿಪೇರಿಗೆ ಇಟ್ಟುಕೊಳ್ಳುವುದೂ ಇದೇ ದಿನಗಳನ್ನೇ. ಕೊನೆಗೆ ಅಬಟ್ಸ್ ಬ್ರಾಮ್ಲಿ ಹಳ್ಳಿಯ ಕೊಂಬಿನ ಕುಣಿತದಂಥವುಗಳ ವಿಚಿತ್ರ ಲೆಕ್ಕ: ಸೆಪ್ಟೆಂಬರ್ 4 ಕಳೆದು ಬರುವ ಮೊದಲ ಭಾನುವಾರದ ಮರುದಿನ. ಯಾವುದೇ ಆಗಲಿ, ಆ ವರ್ಷದ ತಾರೀಕನ್ನು ಊರಿನವರೇ ಹಾಕಿದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಮೇ 1 ಮತ್ತು ಮೇ 8: ಎರಡೂ ಕಾರ್ನ್‌ವಾಲ್, ಎರಡೂ ಬೇರೆ

ಪ್ಯಾಡ್‌ಸ್ಟೋ ಒಂದು ಸಣ್ಣ ಮೀನುಗಾರರ ಬಂದರು. ಮೇ 1ರಂದು ಅಲ್ಲಿ ಎರಡು ಕುದುರೆಗಳು ಕುಣಿಯುತ್ತವೆ. ಕುದುರೆ ಅಂದರೆ ನಾಲ್ಕು ಕಾಲಿನದಲ್ಲ. ದೊಡ್ಡ ಬಳೆಯಂಥ ಚೌಕಟ್ಟಿಗೆ ಕಪ್ಪು ಬಟ್ಟೆ ಹೊದಿಸಿ, ಮೇಲೆ ಉಗ್ರ ಮುಖವಾಡ ಸಿಕ್ಕಿಸಿ, ಒಳಗೊಬ್ಬ ಗಂಡಸು ನಿಂತಿರುತ್ತಾನೆ. ಒಂದು ಕೆಂಪು ಪಕ್ಷದ ಹಳೆಯ ಕುದುರೆ. ಇನ್ನೊಂದು ನೀಲಿ ಪಕ್ಷದ್ದು. ಊರಿನವರೆಲ್ಲ ಬಿಳಿ ಬಟ್ಟೆ ಉಟ್ಟು ತಮ್ಮ ಪಕ್ಷದ ಬಣ್ಣದ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಅಕಾರ್ಡಿಯನ್ ಮತ್ತು ಡೋಲುಗಳ ಒಂದೇ ಹಾಡು ಬೆಳಗಿನಿಂದ ರಾತ್ರಿಯವರೆಗೆ ತಿರುಗಿ ತಿರುಗಿ ಬರುತ್ತದೆ. ನಡುವೆ ಹಾಡು ನಿಧಾನವಾಗುತ್ತದೆ. ಆಗ ಕುದುರೆ ನೆಲಕ್ಕೆ ಒರಗುತ್ತದೆ. ಮತ್ತೆ ಡೋಲು ಜೋರಾದ ಕೂಡಲೇ ಎದ್ದು ಹಾರುತ್ತದೆ. ಇಷ್ಟೇ. ಆದರೆ ಓಣಿಗಳು ಕಿರಿದು, ಡೋಲಿನ ಸದ್ದು ಎದೆಗೆ ಬಡಿಯುತ್ತದೆ. ಒಂದು ಗಂಟೆ ನಿಂತರೆ ನಿಮಗೂ ಹಾಡು ಬಾಯಿಗೆ ಬಂದಿರುತ್ತದೆ.

ಹೆಲ್‌ಸ್ಟನ್ ಇದಕ್ಕೆ ಪೂರ್ತಿ ಉಲ್ಟಾ. ಮೇ 8ರ ಬೆಳಗ್ಗೆ 7ಕ್ಕೆ ಮೊದಲ ಕುಣಿತ, ಆಮೇಲೆ ಶಾಲಾ ಮಕ್ಕಳದ್ದು, ಮಧ್ಯಾಹ್ನ 12ಕ್ಕೆ ಮುಖ್ಯವಾದದ್ದು, ಸಂಜೆ 5ಕ್ಕೆ ಕೊನೆಯದು. ಮಧ್ಯಾಹ್ನದ ಕುಣಿತಕ್ಕೆ ಗಂಡಸರು ಕೋಟು, ಎತ್ತರದ ಟೋಪಿ ಹಾಕುತ್ತಾರೆ, ಹೆಂಗಸರು ಉದ್ದ ಗೌನು ತೊಡುತ್ತಾರೆ. ಎದೆಗೆ ಲಿಲಿ ಆಫ್ ದ ವ್ಯಾಲಿ ಹೂವಿನ ಗೊಂಚಲು. ಜೋಡಿ ಜೋಡಿಯಾಗಿ ಬೀದಿಯಲ್ಲಿ ಮಾತ್ರ ಅಲ್ಲ, ಅಂಗಡಿಯ ಮುಂಬಾಗಿಲಿಂದ ನುಗ್ಗಿ ಹಿತ್ತಿಲಿಂದ ಹೊರಗೆ ಬರುತ್ತಾರೆ. ಮಕ್ಕಳ ಕುಣಿತದಲ್ಲಿ ಬಿಳಿ ಬಟ್ಟೆಯ ನೂರಾರು ಮಕ್ಕಳು ಸಾಲಾಗಿ ಬರುವುದನ್ನು ನೋಡುವುದೇ ಚೆಂದ. 8.30ರ ಸುಮಾರಿಗೆ ನಡೆಯುವ ಹಾಲ್ ಆನ್ ಟೋ ಎಂಬ ಬೀದಿ ನಾಟಕವನ್ನು ಹಲವರು ತಿಂಡಿಗೆ ಹೋಗಿ ತಪ್ಪಿಸಿಕೊಳ್ಳುತ್ತಾರೆ. ತಪ್ಪಿಸಿಕೊಳ್ಳಬೇಡಿ.

ಎರಡರಲ್ಲಿ ಯಾವುದು? ಮಕ್ಕಳು, ಹಿರಿಯರು ಇದ್ದರೆ ಹೆಲ್‌ಸ್ಟನ್. ಅಲ್ಲಿ ವೇಳಾಪಟ್ಟಿ ಇದೆ, ಒಂದು ಕುಣಿತ ನೋಡಿ ಕೂತು ಕಾಫಿ ಕುಡಿದು ಮತ್ತೆ ಬರಬಹುದು. ನೂಕುನುಗ್ಗಲಿಗೆ ಬೇಸರ ಇಲ್ಲದವರಿಗೆ ಪ್ಯಾಡ್‌ಸ್ಟೋ. ನನಗೆ ಕೇಳಿದರೆ ಪ್ಯಾಡ್‌ಸ್ಟೋ ಒಂದು ತೂಕ ಜಾಸ್ತಿ. ಎರಡೂ ಊರಿಗೆ ರೈಲಿಲ್ಲ. ಪ್ಯಾಡ್‌ಸ್ಟೋಗೆ ಲಂಡನ್ನಿನಿಂದ ಬಾಡ್ಮಿನ್ ಪಾರ್ಕ್‌ವೇವರೆಗೆ ನಾಲ್ಕು ಗಂಟೆಯ ರೈಲು, ಆಮೇಲೆ ಬಸ್ಸು. ಹೋಗಿ ಅದೇ ದಿನ ವಾಪಸ್ ಬರುವ ಆಸೆ ಇಟ್ಟುಕೊಳ್ಳಬೇಡಿ. ಒಂದು ವಾರ ರಜೆ ಸಿಕ್ಕರೆ ಮೇ 1ಕ್ಕೆ ಹೋಗಿ ಮೇ 8 ಮುಗಿಸಿಕೊಂಡೇ ಬರಬಹುದು. ಕಾರ್ನ್‌ವಾಲ್‌ನಲ್ಲಿ ಒಂದು ವಾರ ಯಾರಿಗೂ ಬೇಜಾರಾಗುವುದಿಲ್ಲ.

ಮೇ ಕೊನೆಯ ವಾರ: ಚೀಸ್ ಹಿಂದೆ ಓಡುವುದನ್ನು ನೋಡಬೇಕಾ?

ಇಂಟರ್ನೆಟ್ಟಿನಲ್ಲಿ ಎಲ್ಲರೂ ನೋಡಿರುವ ಇಂಗ್ಲಿಷ್ ಹಳ್ಳಿ ಹಬ್ಬ ಇದೊಂದೇ. ಗ್ಲಾಸ್ಟರ್ ಪಕ್ಕದ ಬ್ರಾಕ್‌ವರ್ತ್‌ನಲ್ಲಿ ಕೂಪರ್ಸ್ ಹಿಲ್ ಎಂಬ ಗುಡ್ಡ ಇದೆ. ಮೇ ಕೊನೆಯ ಸೋಮವಾರ ಅದರ ಮೇಲಿಂದ ಮೂರು ನಾಲ್ಕು ಕೆ.ಜಿ. ತೂಗುವ ಡಬಲ್ ಗ್ಲಾಸ್ಟರ್ ಚೀಸ್ ಗಾಲಿಯನ್ನು ಉರುಳಿಸುತ್ತಾರೆ. ಅದರ ಹಿಂದೆ ಜನ ಓಡುತ್ತಾರೆ. ಓಡುವುದು ಅಂದರೆ ಬೀಳುವುದು. ಇಳಿಜಾರು ಸುಮಾರು 180 ಮೀಟರ್, ಕೆಲವು ಕಡೆ ಗೋಡೆಯಷ್ಟೇ ಕಡಿದು. ಕೆಳಗೆ ರಗ್ಬಿ ಆಡುವ ಹುಡುಗರು ನಿಂತು, ಉರುಳಿಕೊಂಡು ಬಂದವರನ್ನು ತಬ್ಬಿ ನಿಲ್ಲಿಸುತ್ತಾರೆ. ಮೊದಲು ಬಂದವರಿಗೆ ಅದೇ ಚೀಸ್ ಬಹುಮಾನ. 2010ರಲ್ಲಿ ಸುರಕ್ಷತೆಯ ಕಾರಣಕ್ಕೆ ಅಧಿಕೃತ ಹಬ್ಬ ನಿಂತಿತು. ಊರಿನವರು ನಿಲ್ಲಿಸಲಿಲ್ಲ, ತಾವೇ ನಡೆಸಿಕೊಂಡು ಬಂದಿದ್ದಾರೆ.

ನೋಡಲು ಹೋಗಬಹುದಾ? ಒಂಟಿಯಾಗಿ ಅಥವಾ ಗೆಳೆಯರ ಜೊತೆ ಆದರೆ ಹೋಗಿ. ಕುಟುಂಬದ ಜೊತೆ ಬೇಡ ಅಂತಲೇ ನನ್ನ ಸಲಹೆ. ಗುಡ್ಡ ಹತ್ತಬೇಕು, ಮಳೆ ಬಂದಿದ್ದರೆ ಕೆಸರು, ಹತ್ತಿರ ಕಾರು ನಿಲ್ಲಿಸಲಾಗದು. ಗಂಟೆಗಟ್ಟಲೆ ಕಾದು ನಿಂತರೂ ಒಂದು ಓಟ ಅರೆ ನಿಮಿಷದಲ್ಲಿ ಮುಗಿಯುತ್ತದೆ. ಮುಂದೆ ಎತ್ತರದವರು ನಿಂತರೆ ಅದೂ ಇಲ್ಲ. ಮನೆಯಲ್ಲಿ ಕೂತು ವಿಡಿಯೋ ನೋಡಿದರೆ ಜಾಸ್ತಿ ಕಾಣುತ್ತದೆ. ಸ್ಪರ್ಧಿಸುವ ಯೋಚನೆ ಇದ್ದವರಿಗೆ ಒಂದೇ ಮಾತು: ಪ್ರತಿ ವರ್ಷ ಯಾರಾದರೂ ಆಂಬುಲೆನ್ಸ್ ಹತ್ತುತ್ತಾರೆ.

ಅದೇ ವಾರ, ಅದೇ ಕಾಟ್ಸ್‌ವೋಲ್ಡ್ಸ್ ಸೀಮೆಯಲ್ಲಿ ಇನ್ನೊಂದು ಇದೆ. ನಾನು ಕಳಿಸುವುದು ಅದಕ್ಕೇ. ಆ ಸೋಮವಾರದ ನಂತರದ ಶುಕ್ರವಾರ ಸಂಜೆ, ಚಿಪ್ಪಿಂಗ್ ಕ್ಯಾಂಪ್‌ಡನ್ ಪಕ್ಕದ ಡೋವರ್ಸ್ ಹಿಲ್ ಮೇಲೆ ಕಾಟ್ಸ್‌ವೋಲ್ಡ್ ಒಲಿಂಪಿಕ್ ಆಟಗಳು. ಇವನ್ನು ಶುರು ಮಾಡಿದವನು ರಾಬರ್ಟ್ ಡೋವರ್ ಎಂಬ ವಕೀಲ, 1612ರ ಸುಮಾರಿಗೆ. ಅಂದರೆ ಇಂದಿನ ಒಲಿಂಪಿಕ್ಸ್‌ಗಿಂತ ಎರಡೂವರೆ ಶತಮಾನಕ್ಕೂ ಹಳೆಯದು. 1852ರಲ್ಲಿ ನಿಂತುಹೋಗಿ ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಜೀವ ಪಡೆಯಿತು. ಮುಖ್ಯ ಆಟ ಕಣಕಾಲಿಗೆ ಒದೆಯುವುದು. ಇಬ್ಬರು ಬಿಳಿ ನಿಲುವಂಗಿ ಹಾಕಿಕೊಂಡು, ಪ್ಯಾಂಟಿನೊಳಗೆ ಹುಲ್ಲು ತುರುಕಿಕೊಂಡು, ಒಬ್ಬರ ಭುಜ ಇನ್ನೊಬ್ಬರು ಹಿಡಿದು ನಿಲ್ಲುತ್ತಾರೆ. ಒದ್ದು ಒದ್ದು ಎದುರಾಳಿಯನ್ನು ಕೆಡವಿದವರು ಗೆದ್ದ ಹಾಗೆ. ಕತ್ತಲಾದ ಮೇಲೆ ದೊಡ್ಡ ಬೆಂಕಿ, ಪಟಾಕಿ. ಆಮೇಲೆ ಕೈಯಲ್ಲಿ ಪಂಜು ಹಿಡಿದು ಸಾವಿರಾರು ಜನ ಗುಡ್ಡ ಇಳಿದು ಊರಿಗೆ ಬರುತ್ತಾರೆ. ಗುಡ್ಡವೇ ಗ್ಯಾಲರಿ ಆದ್ದರಿಂದ ಎಲ್ಲರಿಗೂ ಕಾಣುತ್ತದೆ. ಶಾಲೆಗಳಿಗೆ ಸಾಮಾನ್ಯವಾಗಿ ಆ ವಾರ ಹಾಫ್ ಟರ್ಮ್, ಅಂದರೆ ಅವಧಿಯ ನಡುವಿನ ರಜೆ. ಮಕ್ಕಳಿಗೆ ಹೇಳಿ ಮಾಡಿಸಿದ್ದು, ಒಂದು ದಪ್ಪ ಜಾಕೆಟ್ ಮಾತ್ರ ಮರೆಯಬೇಡಿ.

ಬಾವಿಗೆ ಹೂವಿನ ಅಲಂಕಾರ: ಅಪ್ಪ ಅಮ್ಮ ಬಂದಿದ್ದರೆ ಇದೇ

ಈ ಇಡೀ ಪಟ್ಟಿಯಲ್ಲಿ ಯಾವ ಎಚ್ಚರಿಕೆಯನ್ನೂ ಸೇರಿಸದೆ ಹೇಳಬಹುದಾದ ಹಬ್ಬ ಡಾರ್ಬಿಶೈರ್‌ನ ಬಾವಿ ಅಲಂಕಾರ. ಪೀಕ್ ಡಿಸ್ಟ್ರಿಕ್ಟ್‌ನ ಹಳ್ಳಿಗಳು ತಮ್ಮ ಬಾವಿ, ಬುಗ್ಗೆ, ನಲ್ಲಿಗಳ ಮುಂದೆ ಹೂವಿನ ದಳಗಳಿಂದ ಮಾಡಿದ ದೊಡ್ಡ ಚಿತ್ರಗಳನ್ನು ನಿಲ್ಲಿಸುತ್ತವೆ. ನೀರು ಸಿಕ್ಕಿದ್ದಕ್ಕೆ ಕೃತಜ್ಞತೆ. ಟಿಸಿಂಗ್ಟನ್‌ನವರು ಹೇಳುವ ಕತೆ ಹೀಗಿದೆ: 1348-49ರ ಮಹಾಮಾರಿ ಪ್ಲೇಗ್ ಸುತ್ತಲಿನ ಊರುಗಳನ್ನು ನುಂಗಿದಾಗ ತಮ್ಮ ಊರು ಉಳಿದದ್ದು ಶುದ್ಧ ನೀರಿನಿಂದ. 1615ರ ಬರಗಾಲದಲ್ಲೂ ಬಾವಿ ಬತ್ತಲಿಲ್ಲ ಅನ್ನುವುದು ಇನ್ನೊಂದು ಕತೆ. ಯಾವುದು ನಿಜವೋ, ಬಾವಿಯಂತೂ ಇದೆ.

ಮಾಡುವ ರೀತಿಯೇ ನೋಡುವಂಥದ್ದು. ದೊಡ್ಡ ಮರದ ಹಲಗೆಗಳನ್ನು ಕೆಲವು ದಿನ ಕೆರೆಯಲ್ಲೋ ಹೊಳೆಯಲ್ಲೋ ನೆನೆಹಾಕುತ್ತಾರೆ. ಮೇಲೆ ಉಪ್ಪು ಬೆರೆಸಿದ ಜೇಡಿಮಣ್ಣು ಮೆತ್ತುತ್ತಾರೆ. ಉಪ್ಪು ಹಾಕುವುದು ಮಣ್ಣು ಬೇಗ ಒಣಗದಿರಲಿ ಅಂತ. ಕಾಗದದ ಮೇಲೆ ಬರೆದ ಚಿತ್ರವನ್ನು ಮಣ್ಣಿನ ಮೇಲಿಟ್ಟು ಚುಚ್ಚಿ ಗೆರೆ ಮೂಡಿಸುತ್ತಾರೆ. ಗೆರೆಗಳಿಗೆ ಬೀಜ, ಕಾಯಿ, ತೊಗಟೆ. ಆಮೇಲೆ ಒಂದೊಂದೇ ದಳ. ಕೆಳಗಿನಿಂದ ಶುರು ಮಾಡಿ, ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅಂಚು ಬರುವಂತೆ ಒತ್ತುತ್ತಾರೆ. ಮಳೆ ನೀರು ಜಾರಿ ಹೋಗಲಿ ಅಂತ. ಊರಿನ ಹೆಂಗಸರು, ಮಕ್ಕಳು, ಮುದುಕರು ದಿನಗಟ್ಟಲೆ ಕೂತು ಮಾಡುವ ಕೆಲಸ. ಎಷ್ಟೋ ಊರುಗಳಲ್ಲಿ ಈ ಕೆಲಸ ನಡೆಯುವಾಗಲೇ ಹೋಗಿ ನೋಡಬಹುದು. ಕೇಳಿದರೆ ನಿಮ್ಮ ಕೈಗೂ ನಾಲ್ಕು ದಳ ಕೊಟ್ಟಾರು.

ಟಿಸಿಂಗ್ಟನ್ ಮೊದಲನೆಯದು, ಹೆಸರಾದದ್ದು. ಒಂದು ಪುಟ್ಟ ಹಳ್ಳಿಯಲ್ಲೇ ಐದಾರು ಬಾವಿಗಳು, ನಡೆದೇ ನೋಡಬಹುದು. ಪಕ್ಕದಲ್ಲೇ ಹಳೆಯ ರೈಲು ಹಳಿ ತೆಗೆದು ಮಾಡಿದ ಟಿಸಿಂಗ್ಟನ್ ಟ್ರೇಲ್ ಇದೆ. ಏರಿಳಿತ ಕಡಿಮೆ, ಮಗುವಿನ ತಳ್ಳುಗಾಡಿಯೂ ಹೋಗುತ್ತದೆ. ಹಬ್ಬದ ಗುರುವಾರ ಜನ ಜಾಸ್ತಿ, ಅಲಂಕಾರ ಮಾತ್ರ ಸುಮಾರು ಒಂದು ವಾರ ಇರುತ್ತದೆ. ಹಾಗಾಗಿ ಗುರುವಾರ ರಜೆ ಸಿಗದಿದ್ದರೆ ಮುಂದಿನ ಶನಿವಾರ ಹೋಗಿ. ಹೂವು ಸ್ವಲ್ಪ ಬಾಡಿರುತ್ತದೆ, ಪರವಾಗಿಲ್ಲ.

ಇನ್ನೊಂದು ಅನುಕೂಲ, ಈ ಸೀಸನ್ ಮೇನಿಂದ ಸೆಪ್ಟೆಂಬರ್‌ವರೆಗೆ ಇರುತ್ತದೆ. ಒಂದು ಊರು ಮುಗಿದರೆ ಇನ್ನೊಂದು. ಜೂನ್‌ನಲ್ಲಿ ಯೂಲ್‌ಗ್ರೀವ್, ಜೂನ್ ಕೊನೆಗೆ ಟೈಡ್ಸ್‌ವೆಲ್, ಆಗಸ್ಟ್ ಕೊನೆಗೆ ಈಮ್. ಈಮ್‌ಗೆ ಬೇರೆ ಕಾರಣಕ್ಕೂ ಹೋಗಬೇಕು. 1665ರಲ್ಲಿ ಲಂಡನ್ನಿನಿಂದ ಬಂದ ಬಟ್ಟೆಯ ಗಂಟಿನ ಜೊತೆ ಪ್ಲೇಗ್ ಈ ಊರಿಗೆ ಬಂತು ಅನ್ನುತ್ತಾರೆ. ಪಾದ್ರಿ ವಿಲಿಯಂ ಮೊಂಪೆಸನ್ ಮಾತಿಗೆ ಒಪ್ಪಿ ಊರಿನವರು ತಮ್ಮ ಗಡಿಯನ್ನು ತಾವೇ ಮುಚ್ಚಿಕೊಂಡರು, ರೋಗ ಹೊರಗೆ ಹೋಗದಿರಲಿ ಅಂತ. ಸುಮಾರು 260 ಜನ ಸತ್ತರು. ಆ ಮನೆಗಳ ಮುಂದೆ ಇವತ್ತಿಗೂ ಹೆಸರಿನ ಫಲಕಗಳಿವೆ. ಕೋವಿಡ್ ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದೇ ಹಳ್ಳಿಗೆ ಹೋಗುವುದಾದರೆ ನಾನು ಟಿಸಿಂಗ್ಟನ್ ಬಿಟ್ಟು ಈಮ್ ಅನ್ನೇ ಆರಿಸುತ್ತೇನೆ.

ಬೇಸಿಗೆ: ಷೋನಾ, ಫೇಟಾ?

ಜುಲೈ, ಆಗಸ್ಟ್ ತಿಂಗಳಲ್ಲಿ ಎರಡು ಥರ ಸಿಗುತ್ತವೆ. ಒಂದು ಜಿಲ್ಲಾ ಮಟ್ಟದ ಕೃಷಿ ಮೇಳ, ಇನ್ನೊಂದು ಹಳ್ಳಿಯ ಫೇಟ್.

ಮೇಳಗಳಲ್ಲಿ ದೊಡ್ಡದು ಗ್ರೇಟ್ ಯಾರ್ಕ್‌ಷೈರ್ ಷೋ. ಜುಲೈ ಎರಡನೇ ವಾರ, ಹ್ಯಾರೊಗೇಟ್‌ನಲ್ಲಿ ನಾಲ್ಕು ದಿನ. ಮೊದಲ ಮೇಳ ನಡೆದದ್ದು 1838ರಲ್ಲಿ. ದನ, ಕುರಿ, ಹಂದಿ, ಕುದುರೆಗಳ ಸ್ಪರ್ಧೆ, ಉಣ್ಣೆ ಕತ್ತರಿಸುವ ಪಂದ್ಯ, ಚೀಸ್ ಪಂದ್ಯ, ಟ್ರ್ಯಾಕ್ಟರ್‌ಗಳ ಸಾಲು. ಊರಲ್ಲಿ ತೋಟ, ಹೈನು ಇರುವವರಿಗೆ ಇದು ಸುಮ್ನೆ ನೋಡಿ ಬರುವ ಮೇಳ ಅಲ್ಲ. ಹಸು ಸಾಕಿದ ಅಪ್ಪನನ್ನು ಇಲ್ಲಿಗೆ ಕರೆದುಕೊಂಡು ಹೋದರೆ ಸಂಜೆ ಅವರನ್ನು ಹೊರಡಿಸುವುದೇ ಕಷ್ಟ. ಟಿಕೆಟ್ ಮುಂಚೆಯೇ ಕೊಳ್ಳಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಅಗ್ಗ ಅಲ್ಲ.

ಫೇಟ್ ಅಂದರೆ ಶನಿವಾರ ಮಧ್ಯಾಹ್ನ ಚರ್ಚಿನ ಹಿಂದಿನ ಮೈದಾನದಲ್ಲಿ ಊರಿನವರೇ ನಡೆಸುವ ಸಣ್ಣ ಮೇಳ. ಚರ್ಚಿನ ಸೂರು ರಿಪೇರಿಗೋ ಶಾಲೆಗೋ ಹಣ ಕೂಡಿಸಲು ಮಾಡುತ್ತಾರೆ. ಚೆಂಡೆಸೆದು ತೆಂಗಿನಕಾಯಿ ಬೀಳಿಸುವ ಆಟ, ಲಕ್ಕಿ ಡ್ರಾ, ಹಳೆ ಪುಸ್ತಕ, ಮನೆಯಲ್ಲಿ ಮಾಡಿದ ಕೇಕು, ಹಗ್ಗಜಗ್ಗಾಟ, ನಾಯಿಗಳ ಸ್ಪರ್ಧೆ. ಗುಡಾರದೊಳಗೆ ಊರಿನವರು ಬೆಳೆದ ಈರುಳ್ಳಿ, ಕ್ಯಾರೆಟ್ಟು, ದೈತ್ಯ ಕುಂಬಳದ ಜಾತಿಯ ಕಾಯಿಗಳು ಮೇಜಿನ ಮೇಲೆ ಸಾಲಾಗಿ ಕೂತಿರುತ್ತವೆ, ಪಕ್ಕದಲ್ಲಿ ತೀರ್ಪುಗಾರರ ಚೀಟಿ. ಆ ಚೀಟಿಗಳನ್ನು ಓದಿ. ಒಂದು ಜಾಮ್ ಬಾಟಲಿಯ ಮುಚ್ಚಳದ ಬಗ್ಗೆ ಇಂಗ್ಲಿಷರು ಎಷ್ಟು ಗಂಭೀರ ಆಗಬಲ್ಲರು ಅಂತ ಗೊತ್ತಾಗುತ್ತದೆ. ಫೇಟ್‌ಗೆ ಪ್ರಯಾಣ ಮಾಡಬೇಡಿ, ನಿಮಗೆ ಹತ್ತಿರದ ಹಳ್ಳಿಯದ್ದಕ್ಕೇ ಹೋಗಿ. ಚಿಲ್ಲರೆ ಕಾಸು ಇಟ್ಟುಕೊಳ್ಳಿ. ಅಕ್ಕಪಕ್ಕದವರ ಪರಿಚಯ ಆಗಬೇಕು ಅನ್ನುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಮುಂದಿನ ವರ್ಷ ನಿಮ್ಮ ಮನೆಯ ನಿಂಬೆಹಣ್ಣಿನ ಉಪ್ಪಿನಕಾಯಿಯನ್ನೂ ಸ್ಪರ್ಧೆಗೆ ಇಡಬಹುದು ಅಲ್ವಾ?

ಜೂನ್ ಮೊದಲ ವಾರದ ಆಪಲ್‌ಬಿ ಕುದುರೆ ಸಂತೆ ಈ ಎರಡಕ್ಕೂ ಸೇರುವುದಿಲ್ಲ. ಕಂಬ್ರಿಯದ ಈ ಊರಿಗೆ ಬ್ರಿಟನ್ನಿನ ಜಿಪ್ಸಿ, ಟ್ರಾವೆಲರ್ ಸಮುದಾಯದವರು ಸಾವಿರಾರು ಜನ ಬಂದು ಸೇರುತ್ತಾರೆ. ಈಡನ್ ನದಿಯಲ್ಲಿ ಕುದುರೆ ತೊಳೆಯುತ್ತಾರೆ, ರಸ್ತೆಯಲ್ಲೇ ಓಡಿಸಿ ತೋರಿಸುತ್ತಾರೆ, ಕೈಗೆ ಕೈ ಹೊಡೆದು ವ್ಯಾಪಾರ ಕುದುರಿಸುತ್ತಾರೆ. ಇವರಲ್ಲಿ ರೋಮಾನಿ ಜನರ ಹಿರಿಯರು ಸುಮಾರು ಸಾವಿರ ವರ್ಷದ ಹಿಂದೆ ಉತ್ತರ ಭಾರತದಿಂದ ಹೊರಟವರು. ಇದು ಅವರ ವರ್ಷದ ಸಂತೆ, ಬಂಧುಗಳು ಸೇರುವ ಜಾಗ. ಕೇಳದೆ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ಕುದುರೆ ಬರುವ ದಾರಿಯಲ್ಲಿ ಮಕ್ಕಳ ಕೈ ಬಿಡಬೇಡಿ. ಊರಿಗೆ ರೈಲಿದೆ, ಅದೂ ಸೆಟಲ್–ಕಾರ್ಲೈಲ್ ಮಾರ್ಗ. ಆ ಪ್ರಯಾಣಕ್ಕೇ ಟಿಕೆಟ್ ದುಡ್ಡು ಸಾರ್ಥಕ.

ಸೆಪ್ಟೆಂಬರ್: ಕೊಂಬಿನ ಕುಣಿತ

ಸ್ಟಾಫರ್ಡ್‌ಶೈರ್‌ನ ಅಬಟ್ಸ್ ಬ್ರಾಮ್ಲಿ ಹಳ್ಳಿಯ ಚರ್ಚಿನಲ್ಲಿ ಆರು ಜೊತೆ ಹಿಮಸಾರಂಗದ ಕೊಂಬುಗಳಿವೆ. ಇಂಗಾಲದ ಪರೀಕ್ಷೆ ಮಾಡಿದಾಗ ಅವು ಹನ್ನೊಂದನೇ ಶತಮಾನದವು ಅಂತ ಗೊತ್ತಾಯಿತು. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹಿಮಸಾರಂಗಗಳೇ ಇರಲಿಲ್ಲ. ಹೊರಗಿನಿಂದ ಬಂದಿರಬೇಕು. ಯಾರು ತಂದರು, ಯಾಕೆ ತಂದರು, ಉತ್ತರ ಇಲ್ಲ. ವರ್ಷಕ್ಕೆ ಒಂದೇ ದಿನ, ಮೊದಲೇ ಹೇಳಿದ ಆ ಸೆಪ್ಟೆಂಬರ್ ಸೋಮವಾರ ಬೆಳಗ್ಗೆ 8ಕ್ಕೆ ಅವನ್ನು ಹೊರಗೆ ತರುತ್ತಾರೆ. ದೊಡ್ಡ ಜೊತೆಯ ತೂಕ ಹನ್ನೊಂದು ಕೆ.ಜಿ. ಮೇಲೆ. ಆರು ಜನ ಕೊಂಬು ಹೊರುತ್ತಾರೆ. ಜೊತೆಗೆ ಬಿಲ್ಲುಗಾರ ಹುಡುಗ, ಕೋಡಂಗಿ, ಮರದ ಕುದುರೆ, ರಾಬಿನ್ ಹುಡ್ ಕತೆಯ ಮೇಯ್ಡ್ ಮೇರಿಯನ್ ಆಗಿ ಹೆಣ್ಣು ವೇಷ ಹಾಕಿದವನು, ವಾದ್ಯದವರು. ಹೊಲ, ಫಾರಂ, ಬ್ಲಿತ್‌ಫೀಲ್ಡ್ ಹಾಲ್ ಎಂಬ ಬಂಗಲೆ, ಹೀಗೆ ಹತ್ತಾರು ಮೈಲಿ ಸುತ್ತಿ ಕುಣಿದು ಸಂಜೆ ಊರಿಗೆ ಮರಳುತ್ತಾರೆ.

ಅಬ್ಬರ ಇಲ್ಲ. ಕುಣಿತವೂ ಸರಳ: ಸಾಲಾಗಿ ಸುತ್ತುವುದು, ಎದುರುಬದುರಾಗಿ ಮುಂದೆ ಬಂದು ಹಿಂದೆ ಸರಿಯುವುದು. ವೇಗ, ರೋಮಾಂಚನ ಬೇಕು ಅನ್ನುವವರಿಗೆ ಹತ್ತು ನಿಮಿಷದಲ್ಲಿ ಸಾಕಾಗುತ್ತದೆ. ನನಗೆ ಇಂಗ್ಲೆಂಡಿನ ಎಲ್ಲಾ ಹಬ್ಬಗಳಲ್ಲಿ ಇದೇ ಹೆಚ್ಚು. ಬೆಳಗಿನ ಮೊದಲ ಕುಣಿತವನ್ನು ಚರ್ಚಿನ ಬಳಿ ನೋಡಿ, ಮಧ್ಯಾಹ್ನ ಬ್ಲಿತ್‌ಫೀಲ್ಡ್‌ನಲ್ಲಿ ಹಿಡಿದುಕೊಳ್ಳಿ. ಸೋಮವಾರ ರಜೆ ಹಾಕಲೇಬೇಕು, ಕಾರು ಇದ್ದರೆ ಒಳ್ಳೆಯದು.

ಅದೇ ತಿಂಗಳ ಮೂರನೇ ಶನಿವಾರ ಕಂಬ್ರಿಯದ ಎಗ್ರಿಮಂಟ್‌ನಲ್ಲಿ ಕ್ರ್ಯಾಬ್ ಫೇರ್. ಏಡಿಗೂ ಇದಕ್ಕೂ ಸಂಬಂಧ ಇಲ್ಲ, ಇದು ಕಾಡುಸೇಬಿನ ಸಂತೆ. 1267ರ ರಾಜಾಜ್ಞೆ ಇದಕ್ಕಿದೆ. ಗಾಡಿಯಿಂದ ಸೇಬು ಎಸೆಯುತ್ತಾರೆ, ಜನ ಹಿಡಿಯುತ್ತಾರೆ. ಸಂಜೆ ಕುದುರೆಯ ಕೊರಳಪಟ್ಟಿಯೊಳಗೆ ತಲೆ ತೂರಿಸಿ ಮುಖ ಸೊಟ್ಟ ಮಾಡುವ ವಿಶ್ವ ಚಾಂಪಿಯನ್‌ಶಿಪ್. ನಗಬೇಕು ಅಂದರೆ ಇದು. ಆದರೆ ದೂರ.

ನವೆಂಬರ್ 5: ಲೂಯಿಸ್ ಅಥವಾ ಆಟರಿ

1605ರಲ್ಲಿ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸುವ ಸಂಚು ಸಿಕ್ಕಿಬಿದ್ದದ್ದರ ನೆನಪಿಗೆ ದೇಶವಿಡೀ ಬೆಂಕಿ ಹಾಕುತ್ತಾರೆ. ಈ ಎರಡು ಊರುಗಳದ್ದು ಮಾತ್ರ ಬೇರೆಯೇ ಲೆಕ್ಕ.

ಲೂಯಿಸ್‌ನಲ್ಲಿ ಬಾನ್‌ಫೈರ್ ಸೊಸೈಟಿಗಳು, ಅಂದರೆ ಬೆಂಕಿ ಹಬ್ಬ ನಡೆಸುವ ಊರಿನ ಸಂಘಗಳು, ಬೇರೆ ಬೇರೆ ವೇಷದಲ್ಲಿ ಸಾವಿರಾರು ಪಂಜು ಹಿಡಿದು ಮೆರವಣಿಗೆ ಹೋಗುತ್ತವೆ. 1555ರಿಂದ 1557ರ ನಡುವೆ ಈ ಊರಿನಲ್ಲಿ ಸುಟ್ಟ 17 ಪ್ರಾಟೆಸ್ಟಂಟರ ನೆನಪಿಗೆ 17 ಉರಿಯುವ ಶಿಲುಬೆಗಳನ್ನು ಹೊರುತ್ತಾರೆ. ರಾಜಕಾರಣಿಗಳ ದೈತ್ಯ ಬೊಂಬೆಗಳನ್ನು ಸಿಡಿಸುತ್ತಾರೆ. 1605ರ ಕಾಲದ ಪೋಪ್‌ನ ಬೊಂಬೆಯೂ ಸುಡುತ್ತದೆ, ಮಕ್ಕಳು ಯಾಕೆ ಅಂತ ಕೇಳಿದರೆ ಉತ್ತರ ರೆಡಿ ಇಟ್ಟುಕೊಂಡಿರಿ. ಕಣ್ಣಿಗೆ ಇಷ್ಟು ದೊಡ್ಡ ದೃಶ್ಯ ಇನ್ನೊಂದಿಲ್ಲ. ತೊಂದರೆ ಏನಂದರೆ ಊರು ಹೊರಗಿನವರನ್ನು ಬರಬೇಡಿ ಅನ್ನುತ್ತದೆ. ರಸ್ತೆ ಮುಚ್ಚುತ್ತಾರೆ, ಸಂಜೆಯಾದ ಮೇಲೆ ರೈಲುಗಳು ಅಲ್ಲಿ ನಿಲ್ಲುವುದಿಲ್ಲ. ಇದಕ್ಕೆ ಉಪಾಯ ಇದೆ. ಸಸೆಕ್ಸ್‌ನ ಬೇರೆ ಊರುಗಳು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಒಂದೊಂದು ಶನಿವಾರ ತಮ್ಮದನ್ನು ಮಾಡುತ್ತವೆ. ರೈ, ಬ್ಯಾಟಲ್, ಹೇಸ್ಟಿಂಗ್ಸ್ ಕಡೆ ಹೋಗಿ. ಅವೇ ಸೊಸೈಟಿಗಳವರು ಅಲ್ಲೂ ಬಂದು ನಡೆಯುತ್ತಾರೆ. ಮಕ್ಕಳಿದ್ದರೆ ಇದೇ ಸರಿ.

ಡೆವನ್‌ನ ಆಟರಿ ಸೇಂಟ್ ಮೇರಿಯಲ್ಲಿ ಮೆರವಣಿಗೆ ನೋಡುವ ಮಾತೇ ಇಲ್ಲ, ಬೆಂಕಿ ನಿಮ್ಮ ಕಡೆಗೇ ಓಡಿ ಬರುತ್ತದೆ. ಪೀಪಾಯಿಯ ಒಳಗೆ ಡಾಂಬರು ಬಳಿದು, ಹುಲ್ಲು ಕಾಗದ ತುಂಬಿ ಹಚ್ಚುತ್ತಾರೆ. ಜ್ವಾಲೆ ಚೆನ್ನಾಗಿ ಹತ್ತಿದ ಮೇಲೆ ಒಬ್ಬರು ಅದನ್ನು ಬೆನ್ನಿಗೇರಿಸಿ ಜನರ ನಡುವೆಯೇ ಓಡುತ್ತಾರೆ. ಗೋಣಿಯ ಕೈಗವಸು ಬಿಟ್ಟರೆ ಬೇರೆ ರಕ್ಷಣೆ ಇಲ್ಲ. ಮಧ್ಯಾಹ್ನದ ಮೇಲೆ ಮಕ್ಕಳ ಸಣ್ಣ ಪೀಪಾಯಿಗಳಿಂದ ಶುರುವಾಗಿ ಮಧ್ಯರಾತ್ರಿ 30 ಕೆ.ಜಿ.ಯ ದೊಡ್ಡದರಲ್ಲಿ ಮುಗಿಯುತ್ತದೆ. ಹೊರುವ ಹಕ್ಕು ಊರಿನಲ್ಲಿ ಹುಟ್ಟಿದವರಿಗೆ, ಬಹುಕಾಲ ಅಲ್ಲೇ ಬಾಳಿದವರಿಗೆ ಮಾತ್ರ. ನೈಲಾನ್ ಜಾಕೆಟ್ ಬೇಡ, ಹತ್ತಿ ಅಥವಾ ಉಣ್ಣೆ ಹಾಕಿ. ಕೂದಲು ಕಟ್ಟಿಕೊಳ್ಳಿ. ತಳ್ಳುಗಾಡಿ, ಸಣ್ಣ ಮಕ್ಕಳು ಖಂಡಿತ ಬೇಡ, ಮಕ್ಕಳಿದ್ದರೆ ಸಂಜೆಯ ಮೊದಲ ಪೀಪಾಯಿಗಳನ್ನು ನೋಡಿ ಹೊರಟುಬಿಡಿ. ಗಟ್ಟಿ ಕಾಲಿನ ಹುಡುಗ ಹುಡುಗಿಯರಿಗೆ ಲೂಯಿಸ್‌ಗಿಂತ ಆಟರಿ.

ಡಿಸೆಂಬರ್ 31ರಂದು ನಾರ್ತಂಬರ್‌ಲ್ಯಾಂಡ್‌ನ ಅಲೆನ್‌ಡೇಲ್‌ನಲ್ಲಿ 45 ಗಂಡಸರು ಉರಿಯುವ ಪೀಪಾಯಿಗಳನ್ನು ತಲೆ ಮೇಲೆ ಹೊತ್ತು ಹೊಸ ವರ್ಷ ತರುತ್ತಾರೆ. ಚಿಕ್ಕದು, ಚೊಕ್ಕದು. ಆ ರಾತ್ರಿ ಅಲ್ಲಿಂದ ವಾಪಸ್ ಬರಲು ಬಸ್ಸು ಹುಡುಕಬೇಡಿ, ಉಳಿಯುವ ಕೋಣೆ ಮೊದಲೇ ನೋಡಿಕೊಂಡರೆ ಮಾತ್ರ ಹೋಗಿ.

ಚಳಿಗಾಲ: ಕೆಸರಿನ ಆಟ, ಸೇಬಿನ ಹಾಡು

ಜನವರಿ 6ರ ಹ್ಯಾಕ್ಸಿ ಹುಡ್, ಲಿಂಕನ್‌ಶೈರ್. ಶ್ರೋವ್ ಮಂಗಳವಾರ, ಬುಧವಾರದ ಆಶ್‌ಬೋರ್ನ್ ಫುಟ್ಬಾಲ್, ಡಾರ್ಬಿಶೈರ್. ಎರಡೂ ಊರಿಗೆ ಊರೇ ಆಡುವ ತಳ್ಳಾಟ. ಹ್ಯಾಕ್ಸಿಯಲ್ಲಿ ಚರ್ಮದ ಕೊಳವೆಯೊಂದನ್ನು ನಾಲ್ಕು ಪಬ್‌ಗಳಲ್ಲಿ ಯಾವುದಕ್ಕೆ ತಳ್ಳಿಕೊಂಡು ಹೋಗುತ್ತಾರೆ ಅನ್ನುವುದೇ ಆಟ. ಆಶ್‌ಬೋರ್ನ್‌ನಲ್ಲಿ ಗೋಲುಗಳ ನಡುವೆ ಮೂರು ಮೈಲಿ ದೂರ. ಹೆನ್ಮೋರ್ ಹೊಳೆಯ ಯಾವ ದಡದಲ್ಲಿ ಹುಟ್ಟಿದಿರಿ ಅನ್ನುವುದರ ಮೇಲೆ ನಿಮ್ಮ ತಂಡ. ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಹೊಳೆಯೊಳಗೂ ಆಟ ನಡೆಯುತ್ತದೆ. ಅಂಗಡಿಗಳು ಕಿಟಕಿಗೆ ಹಲಗೆ ಹೊಡೆದುಕೊಳ್ಳುತ್ತವೆ. ಆಶ್‌ಬೋರ್ನ್‌ನಲ್ಲಿ ಚೆಂಡು ಕಾಣುವುದು ಅಪರೂಪ, ಎರಡು ಗಂಟೆ ಆವಿ ಏಳುವ ಬೆನ್ನುಗಳನ್ನೇ ನೋಡುತ್ತೀರಿ. ಒಂದಕ್ಕೇ ಹೋಗುವುದಾದರೆ ಹ್ಯಾಕ್ಸಿ. ಚಿಕ್ಕ ಊರು, ಕೋಡಂಗಿಯ ಭಾಷಣ ಇದೆ, ಆಟ ಗೊತ್ತಾಗುತ್ತದೆ.

ಕೆಸರು ಬೇಡ ಅಂದರೆ ಸಾಮರ್‌ಸೆಟ್‌ನ ವಾಸೆಲ್. ಸೈಡರ್ ಎಂಬ ಸೇಬಿನ ಮದ್ಯ ಮಾಡುವ ತೋಟಗಳಲ್ಲಿ ಜನವರಿ 17ರ ಆಸುಪಾಸು ನಡೆಯುತ್ತದೆ. 1752ರಲ್ಲಿ ಬ್ರಿಟನ್ ಕ್ಯಾಲೆಂಡರ್ ಬದಲಿಸಿ ಹನ್ನೊಂದು ದಿನ ಕೈಬಿಟ್ಟಿತು, ಈ ತೋಟಗಳು ಮಾತ್ರ ಹಳೆ ಲೆಕ್ಕವನ್ನೇ ಹಿಡಿದುಕೊಂಡಿವೆ. ಮರದ ಬುಡಕ್ಕೆ ಸೈಡರ್ ಸುರಿದು, ಕೊಂಬೆಗೆ ಸುಟ್ಟ ಬ್ರೆಡ್ ಸಿಕ್ಕಿಸಿ, ಡಬ್ಬ ಬಡಿದು, ಕೋವಿ ಹಾರಿಸಿ ಕೆಟ್ಟ ಗಾಳಿ ಓಡಿಸುತ್ತಾರೆ. ಮುಂದಿನ ವರ್ಷ ಫಸಲು ಚೆನ್ನಾಗಿರಲಿ ಅಂತ ಹಾಡುತ್ತಾರೆ. ಕಾರ್‌ಹ್ಯಾಂಪ್ಟನ್ ಹಳೆಯ ಜಾಗ. ಈಗ ತುಂಬಾ ಸೈಡರ್ ಫಾರಂಗಳು ಟಿಕೆಟ್ ಇಟ್ಟು ಮಾಡುತ್ತವೆ, ಕುಡಿಯದವರಿಗೆ ಬಿಸಿ ಸೇಬಿನ ರಸ ಕೊಡುತ್ತಾರೆ.

ಊಟದ ಬಗ್ಗೆ ಒಂದಿಷ್ಟು

ಸಸ್ಯಾಹಾರಿಗಳು ಹೊಟ್ಟೆ ತುಂಬಿಸಿಕೊಂಡೇ ಹೊರಡಿ. ಬಹುತೇಕ ಕಡೆ ಹಂದಿ ಸುಡುವ ವಾಸನೆಯೇ ಮೊದಲು ಬರುತ್ತದೆ. ಸುಟ್ಟ ಆಲೂಗಡ್ಡೆಗೆ ಚೀಸ್, ಬೀನ್ಸ್ ಹಾಕಿದ್ದು ಸಿಗುತ್ತದೆ. ಕಾರ್ನ್‌ವಾಲ್‌ನಲ್ಲಿ ಚೀಸ್ ಈರುಳ್ಳಿ ತುಂಬಿದ ಪೇಸ್ಟಿ ಎಂಬ ಕಡುಬು ಸಿಗುತ್ತದೆ. ಯಾರ್ಕ್‌ಷೈರ್ ಕಡೆ ಚಿಪ್ಸ್ ಕೊಳ್ಳುವ ಮುನ್ನ ಯಾವುದರಲ್ಲಿ ಕರಿದದ್ದು ಅಂತ ಕೇಳಿ, ದನದ ಕೊಬ್ಬಿನಲ್ಲಿ ಕರಿಯುವುದು ಅಲ್ಲಿ ಮಾಮೂಲು. ಫೇಟ್‌ನ ಕೇಕುಗಳಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿ ಹುಲ್ಲಿನ ಮೇಲೆ ಕೂತು ತಿಂದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಅಲ್ಲಿ ಅರ್ಧ ಜನ ಅದನ್ನೇ ಮಾಡುತ್ತಿರುತ್ತಾರೆ, ಡಬ್ಬಿಯೊಳಗೆ ಸ್ಯಾಂಡ್‌ವಿಚ್ ಇರುತ್ತದೆ ಅಷ್ಟೇ.